ಮನೆ ಕೆಲಸದ ಮೇಸ್ತ್ರಿ ಸೈಟಿಗೆ ಹೊರಟಾಗ

ಮನೆ ಕಟ್ಟಿಸುವವರಿಗೂ ಕಟ್ಟುವ ಗಾರೆ ಮೇಸ್ತ್ರಿಗೂ ನಡುವೆ ಕಾಗದಪತ್ರ ಇರುವುದು ನಮ್ಮಲ್ಲಿ ಅಪರೂಪ. ಪಾಯದ ಪೂಜೆಯ ದಿನ ಎಲೆ ಅಡಿಕೆಯ ಮೇಲೆ ಒಂದಿಷ್ಟು ಅಡ್ವಾನ್ಸ್ ಇಟ್ಟು ಕೊಟ್ಟರೆ ಕೆಲಸ ಒಪ್ಪಿಸಿದಂತೆ. ಚದರಕ್ಕೆ ಇಷ್ಟು ಎಂದು ಮಾತಾಗುತ್ತದೆ. ಚದರ ಎಂದರೆ ನೂರು ಚದರಡಿ. ಇಟ್ಟಿಗೆ, ಸಿಮೆಂಟು, ಮರಳು ಮನೆಯವರದು. ಆಳು, ಕರಣೆ, ಕೈಕೆಲಸ ಮೇಸ್ತ್ರಿಯದು. ಬಾಗಿಲು ನಿಲ್ಲಿಸುವ ದಿನ ದಕ್ಷಿಣೆ ಬರುತ್ತದೆ, ಮೌಲ್ಡಿಂಗ್ ದಿನ ಆಳುಗಳಿಗೆಲ್ಲ ಊಟ, ಗೃಹಪ್ರವೇಶಕ್ಕೆ ಮೇಸ್ತ್ರಿಗೆ ಹೊಸ ಬಟ್ಟೆ. ಊರಿನವರು ಆ ಮನೆಯ ಮುಂದೆ ಹಾದುಹೋಗುವಾಗ ಇದು ಇಂಥವರ ಕೈಕೆಲಸ ಎನ್ನುತ್ತಾರೆ. ಹಳೇ ಮೈಸೂರಿನ ಗಾರೆ ಮೇಸ್ತ್ರಿ, ರಾಯಚೂರು, ಕಲಬುರಗಿ ಕಡೆಯ ಗೌಂಡಿ, ಇಬ್ಬರ ಬದುಕೂ ಹೆಚ್ಚುಕಡಿಮೆ ಇದೇ ಚೌಕಟ್ಟಿನಲ್ಲಿ ನಡೆದುಕೊಂಡು ಬಂದಿದೆ.

ಈ ಚೌಕಟ್ಟು ಬಿಟ್ಟು ಬೆಂಗಳೂರಿನ ಬಿಲ್ಡಿಂಗ್ ಸೈಟುಗಳಿಗೆ ಬರುವವರು ಈಗ ಬಹಳ. ಯಾದಗಿರಿ, ರಾಯಚೂರು, ಕಲಬುರಗಿ ಜಿಲ್ಲೆಗಳಿಂದ ಸುಗ್ಗಿ ಮುಗಿಸಿ ಬರುವ ಕುಟುಂಬಗಳಲ್ಲಿ ಕೂಲಿಯವರ ಜೊತೆ ಕೈಯಲ್ಲಿ ಕಸುಬಿರುವ ಗೌಂಡಿಗಳೂ ಇರುತ್ತಾರೆ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಮನೆ ಕೆಲಸ ನಿಲ್ಲುವುದು ಮೇಸ್ತ್ರಿಯ ಕೈಯಲ್ಲಿಲ್ಲ. ಬ್ಯಾಂಕಿನ ಸಾಲದ ಮುಂದಿನ ಕಂತು ಬರಲಿಲ್ಲ, ಮರಳು ಸಿಗಲಿಲ್ಲ, ಮಳೆ ಹಿಡಿಯಿತು, ಆಷಾಢದಲ್ಲಿ ಹೊಸ ಕೆಲಸ ಶುರು ಮಾಡುವುದಿಲ್ಲ ಎಂದರು. ಪ್ರತಿ ಸಲವೂ ಕೂಲಿ ಕಳೆದುಕೊಳ್ಳುವವನು ಮೇಸ್ತ್ರಿ. ಇನ್ನೊಂದು ಕಾರಣ ಬಾಕಿ. "ಗೃಹಪ್ರವೇಶ ಮುಗೀಲಿ ಮೇಸ್ತ್ರಿ, ಎಲ್ಲಾ ಒಟ್ಟಿಗೇ ಚುಕ್ತಾ ಮಾಡ್ತೀನಿ" ಎಂಬ ಮಾತನ್ನು ಕೇಳದ ಮೇಸ್ತ್ರಿ ಕರ್ನಾಟಕದಲ್ಲಿ ಸಿಗುವುದು ಕಷ್ಟ. ಗೃಹಪ್ರವೇಶ ಮುಗಿದ ಮೇಲೆ ಬಾತ್‌ರೂಮಿನ ಇಳಿಜಾರು ಸರಿಯಿಲ್ಲ, ಗೋಡೆಯಲ್ಲಿ ಬಿರುಕು ಬಂತು ಎಂಬ ಹೊಸ ತಕರಾರು ಹುಟ್ಟಿ ಆ ಬಾಕಿ ಹಾಗೇ ಉಳಿಯುತ್ತದೆ. ಸೈಟಿನಲ್ಲಿ ಒಂದು ಟವರ್ ಮುಗಿಯುವ ಹೊತ್ತಿಗೆ ಇನ್ನೊಂದು ಎದ್ದಿರುತ್ತದೆ. ವಾರವಿಡೀ ಕೆಲಸ ಇದೆ ಎನ್ನುವುದೇ ದೊಡ್ಡ ಆಕರ್ಷಣೆ.

ಆದರೆ ಇಪ್ಪತ್ತು ವರ್ಷ ಗೋಡೆ ಕಟ್ಟಿದ ಕೈ ಸೈಟಿನ ಮೊದಲ ವಾರದಲ್ಲೇ ತಡವರಿಸುತ್ತದೆ. ಹೊರಗಿನವರಿಗೆ ಇದು ಅರ್ಥವಾಗುವುದಿಲ್ಲ. ಗೋಡೆ ಗೋಡೆಯೇ ತಾನೆ ಎಂದುಕೊಳ್ಳುತ್ತಾರೆ.

ಇಟ್ಟಿಗೆಯ ಕೆಲಸವನ್ನು ಹತ್ತಿರ ನಿಂತು ನೋಡಬೇಕು. ಮೂರು ಕಿಲೋ ಆಸುಪಾಸಿನ ಇಟ್ಟಿಗೆ ಎಡಗೈಯಲ್ಲಿ, ಕರಣೆ ಬಲಗೈಯಲ್ಲಿ. ನೀರಿನಲ್ಲಿ ನೆನೆಸಿದ ಇಟ್ಟಿಗೆ ಗಾರೆಯ ನೀರನ್ನು ಹೀರುವುದಿಲ್ಲ ಎಂದು ಮೊದಲೇ ತೊಟ್ಟಿಗೆ ಹಾಕಿಸಿರುತ್ತಾರೆ. ಬಲಗೈ ಗಾರೆ ಹರಡುತ್ತದೆ, ಎಡಗೈ ಇಟ್ಟಿಗೆ ಕೂರಿಸುತ್ತದೆ, ಕರಣೆಯ ಹಿಡಿಯಿಂದ ಎರಡು ತಟ್ಟು, ಪಕ್ಕದಲ್ಲಿ ಉಕ್ಕಿದ ಗಾರೆ ಕರಣೆಯ ಅಂಚಿಗೆ ಬಂದು ಮುಂದಿನ ಇಟ್ಟಿಗೆಯ ತಲೆಗೆ ಹೋಗುತ್ತದೆ. ಕರಣೆ ಕೆಳಗಿಡುವ ಪ್ರಸಂಗವೇ ಬರುವುದಿಲ್ಲ. ಇಟ್ಟಿಗೆಗಳು ಒಂದರಂತೆ ಒಂದಿರುವುದಿಲ್ಲ; ಭಟ್ಟಿಯಲ್ಲಿ ಬೆಂದ ಇಟ್ಟಿಗೆ ಸೊಟ್ಟಗಿರುತ್ತದೆ, ಒಂದು ಚೂರು ದಪ್ಪ, ಒಂದು ಚೂರು ತೆಳು. ಸುಮಾರು 10 ಮಿಲಿಮೀಟರ್ ದಪ್ಪದ ಗಾರೆಯ ಸಂದಿನಲ್ಲಿ ಮೇಸ್ತ್ರಿ ಆ ಕೊರತೆಯನ್ನೆಲ್ಲ ತಿದ್ದಿಕೊಳ್ಳುತ್ತಾ ಹೋಗುತ್ತಾರೆ. ಇಲ್ಲಿ ಕೊಂಚ ಹೆಚ್ಚು, ಅಲ್ಲಿ ಕೊಂಚ ಕಡಿಮೆ. ಮೇಲಿನ ವರಸೆಗೆ ಬರುವಷ್ಟರಲ್ಲಿ ದಾರಕ್ಕೆ ಸರಿಯಾಗಿ ಕೂತಿರುತ್ತದೆ. ಕಸುಬಿನ ಜಾಣ್ಮೆ ಇರುವುದು ಆ ಸಂದಿನಲ್ಲೇ.

ದೊಡ್ಡ ಸೈಟುಗಳಲ್ಲಿ ಆ ಇಟ್ಟಿಗೆ ಕಾಣುವುದು ಕಡಿಮೆ. ಅಲ್ಲಿ ಇರುವುದು ಕಾಂಕ್ರೀಟಿನ ಸಾಲಿಡ್ ಬ್ಲಾಕು ಅಥವಾ ಬೆಳ್ಳಗೆ ಹಗುರವಾಗಿ ಕಾಣುವ ಎಎಸಿ ಬ್ಲಾಕು. ಆರಿಂಚಿನ ಸಾಲಿಡ್ ಬ್ಲಾಕು 25 ಕಿಲೋ ಆಸುಪಾಸು ತೂಗುತ್ತದೆ, ಎಂಟಿಂಚಿನದು 30 ಕಿಲೋ ಮುಟ್ಟುತ್ತದೆ. ಎಎಸಿ ಹಗುರ ಎನ್ನುತ್ತಾರೆ ನಿಜ, ಆದರೆ ಎರಡಡಿ ಉದ್ದ, ಎಂಟಿಂಚು ದಪ್ಪದ ಒಂದು ಬ್ಲಾಕು ಒಣಗಿದ್ದಾಗಲೂ 15 ಕಿಲೋ ಹತ್ತಿರ ಇರುತ್ತದೆ. ಮಳೆಯಲ್ಲಿ ನೆನೆದರೆ ಇನ್ನೂ ಹೆಚ್ಚು. ಇವನ್ನು ಎತ್ತಲು ಎರಡೂ ಕೈ ಬೇಕು. ಪ್ರತಿ ಬ್ಲಾಕಿಗೂ ಕರಣೆ ಕೆಳಗಿಡಬೇಕು, ಸೊಂಟ ಬಗ್ಗಿಸಬೇಕು, ಎತ್ತಬೇಕು, ಕೂರಿಸಬೇಕು, ಮತ್ತೆ ಕರಣೆ ಹುಡುಕಬೇಕು. ವರ್ಷಗಳಿಂದ ಕೈಗೆ ಕೂತ ಲಯ ಅಲ್ಲಿಗೆ ಮುರಿಯಿತು.

ಲೆಕ್ಕವನ್ನೂ ನೋಡಬಹುದು. ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆ ಒಂದು ಚದರ ಮೀಟರ್ ಕಟ್ಟಲು ಸುಮಾರು 50 ಇಟ್ಟಿಗೆ ಬೇಕು. ಹದಿನಾರಿಂಚು ಉದ್ದ, ಎಂಟಿಂಚು ಎತ್ತರದ ಸಾಲಿಡ್ ಬ್ಲಾಕಾದರೆ ಹನ್ನೆರಡೂವರೆ ಸಾಕು, ಎಎಸಿ ಆದರೆ ಎಂಟು ಚಿಲ್ಲರೆ. ಕೆಲಸ ಬೇಗ ಏಳುತ್ತದೆ, ಕಂಪನಿಗೆ ಬೇಕಾದದ್ದೂ ಅದೇ. ಆದರೆ ಎಎಸಿ ಬ್ಲಾಕಿಗೆ ಗಾರೆಯ ಬದಲು ಚೀಲದಲ್ಲಿ ಬರುವ ಅಂಟು ಬಳಸುತ್ತಾರೆ. ಅದರ ಸಂದು 2ರಿಂದ 3 ಮಿಲಿಮೀಟರ್ ಅಷ್ಟೆ. ತಪ್ಪು ತಿದ್ದಿಕೊಳ್ಳಲು ಜಾಗವೇ ಇಲ್ಲ. ಮೊದಲ ವರಸೆಯನ್ನು ಮಾಮೂಲು ಗಾರೆಯ ಮೇಲೆ ರಸಮಟ್ಟ ಹಿಡಿದು ವಾಲದಂತೆ ಕೂರಿಸಿದರೆ ಗೋಡೆ ನೆಟ್ಟಗೆ ಹೋಗುತ್ತದೆ. ಅಲ್ಲಿ ಕೂದಲೆಳೆಯಷ್ಟು ವಾಲಿದರೂ ಹತ್ತನೇ ವರಸೆಯಲ್ಲಿ ಎದ್ದು ಕಾಣುತ್ತದೆ. ಮನೆ ಕೆಲಸದಲ್ಲಿ "ಪ್ಲಾಸ್ಟರಿನಲ್ಲಿ ಸರಿಮಾಡಿಕೊಂಡರಾಯಿತು" ಎನ್ನುವ ಮೇಸ್ತ್ರಿ ಇಲ್ಲಿ ಇಂಜಿನಿಯರ್ ಕೈಲಿ ಗೋಡೆ ಒಡೆಸಿಕೊಳ್ಳುವುದು ಮೊದಲ ವಾರದಲ್ಲೇ. ಒಮ್ಮೆ ಒಡೆಸಿಕೊಂಡವರು ಮುಂದೆ ಮೊದಲ ವರಸೆಗೆ ಅರ್ಧ ದಿನವಾದರೂ ಕೊಡುತ್ತಾರೆ.

ಗೋಡೆಯ ಕೆಲಸವೇ ಅಲ್ಲಿ ಬೇರೆ. ಹಳ್ಳಿಯ, ಸಣ್ಣ ಊರಿನ ಮನೆಗಳಲ್ಲಿ ಒಂಬತ್ತಿಂಚಿನ ಗೋಡೆ ತಾರಸಿಯ ಭಾರ ಹೊರುತ್ತದೆ. ಸೈಟಿನಲ್ಲಿ ಭಾರ ಹೊರುವುದು ಕಂಬ ಮತ್ತು ತೊಲೆ. ಗೋಡೆ ನಡುವಿನ ಜಾಗ ತುಂಬುತ್ತದೆ ಅಷ್ಟೆ. ಅದಕ್ಕೇ ತೊಲೆಯ ಕೆಳಗೆ ಕೊಂಚ ಸಂದು ಬಿಟ್ಟು, ಗೋಡೆ ಒಣಗಿ ಕುಗ್ಗಿದ ಮೇಲೆ ತುಂಬುತ್ತಾರೆ. ಕಾಂಕ್ರೀಟಿನ ಕಂಬವೂ ಬ್ಲಾಕಿನ ಗೋಡೆಯೂ ಸೇರುವ ಕಡೆ ಪ್ಲಾಸ್ಟರಿಗೆ ಮುಂಚೆ ಕೋಳಿ ಬಲೆ ಬಡಿಯುತ್ತಾರೆ, ಇಲ್ಲದಿದ್ದರೆ ಬೇಸಿಗೆ ಕಳೆಯುವಷ್ಟರಲ್ಲಿ ನೆಟ್ಟ ಗೆರೆಯಂತೆ ಬಿರುಕು ಬರುತ್ತದೆ. ಒಂದೇ ದಿನ ಗೋಡೆಯನ್ನು ತೊಲೆಯವರೆಗೆ ಏರಿಸಲು ಬಿಡುವುದಿಲ್ಲ; ದಿನಕ್ಕೆ ಒಂದೂವರೆ ಮೀಟರಿನ ಮಿತಿ ಇದೆ. ಈ ಮಿತಿ ಇಟ್ಟಿಗೆ ಗೋಡೆಗೂ ಇರುವುದೇ, ಆದರೆ ಮನೆ ಕೆಲಸದಲ್ಲಿ ಅದನ್ನು ಅಳೆದು ಹೇಳುವವರಿಲ್ಲ.

ಅಳತೆಯ ಭಾಷೆಯೂ ಬದಲಾಗುತ್ತದೆ. ಅಡಿ, ಇಂಚಿನಲ್ಲಿ ಯೋಚಿಸುವ ತಲೆಗೆ ಮಿಲಿಮೀಟರಿನ ನಕ್ಷೆ ಸಿಗುತ್ತದೆ. ಒಂಬತ್ತಿಂಚು ಹೋಗಿ 200 ಬಂತು, ನಾಲ್ಕೂವರೆ ಹೋಗಿ 100 ಬಂತು. ಕಂಬಗಳಿಗೆ ಎ, ಬಿ, ಸಿ ಎಂದು ಒಂದು ಕಡೆ, 1, 2, 3 ಎಂದು ಇನ್ನೊಂದು ಕಡೆ ಗೆರೆಯ ಹೆಸರು. ನೆಲದಿಂದ ಒಂದು ಮೀಟರ್ ಎತ್ತರಕ್ಕೆ ಕಂಬಗಳ ಮೇಲೆಲ್ಲ ಗುರುತು ಹಾಕಿರುತ್ತಾರೆ. ಕಿಟಕಿ, ಬಾಗಿಲು, ಸ್ವಿಚ್ಚು ಎಲ್ಲಕ್ಕೂ ಅದೇ ಆಧಾರ. ಮನೆಯೊಡತಿ ಬಂದು "ಅಡುಗೆಮನೆ ಕಿಟಕಿ ಅರ್ಧ ಅಡಿ ಆ ಕಡೆ ತಗೊಳ್ಳಿ ಮೇಸ್ತ್ರಿ" ಎಂದರೆ ತಗೊಳ್ಳುತ್ತಿದ್ದವರು ಇಲ್ಲಿ ಒಂದಿಂಚನ್ನೂ ತಾವಾಗಿ ಸರಿಸುವಂತಿಲ್ಲ. ಅದರಲ್ಲಿ ನೆಮ್ಮದಿಯೂ ಇದೆ: ವಾಸ್ತುವಿನವರು ಬಂದು ಕಟ್ಟಿದ ಗೋಡೆ ಒಡೆಸಿ, ಎರಡನೇ ಸಲ ಕಟ್ಟಿದ ಕೂಲಿಯನ್ನು ಯಾರೂ ಕೊಡದೇ ಹೋಗುವ ಸಂಕಟ ಇಲ್ಲಿಲ್ಲ.

ಮೇಸ್ತ್ರಿಗಳು ಹೆಚ್ಚಾಗಿ ಏಟು ತಿನ್ನುವುದು ಕೂಲಿಯ ಲೆಕ್ಕದಲ್ಲಿ. ಸೈಟಿನಲ್ಲಿ ಎರಡು ಬಗೆ: ದಿನಗೂಲಿ, ಇಲ್ಲವೇ ಕಟ್ಟಿದಷ್ಟಕ್ಕೆ ಅಳೆದು ಕೊಡುವ ಗುತ್ತಿಗೆ. ಗುತ್ತಿಗೆ ಹಿಡಿದವರು ಒಂದು ಉದಾಹರಣೆ ಹಾಕಿ ನೋಡಬೇಕು. ಮೂವತ್ತು ಅಡಿ ಉದ್ದ, ಹತ್ತಡಿ ಎತ್ತರದ ಗೋಡೆ. 300 ಚದರಡಿ ಎಂದು ಮೇಸ್ತ್ರಿ ಮನಸ್ಸಿನಲ್ಲಿ ಎಣಿಸಿರುತ್ತಾರೆ. ಬಿಲ್ಲು ಬರೆಯುವಾಗ 3 ಅಡಿ ಅಗಲ, 7 ಅಡಿ ಎತ್ತರದ ಬಾಗಿಲಿನ 21, 5 ಅಡಿ ಅಗಲ, 4 ಅಡಿ ಎತ್ತರದ ಕಿಟಕಿಯ 20 ಕಳೆಯುತ್ತದೆ. ಉಳಿದದ್ದು 259. ಲಿಂಟಲ್ ಪಟ್ಟಿಯ ಜಾಗವನ್ನೂ ಕಳೆದರೆ ಇನ್ನೂ ಇಳಿಯುತ್ತದೆ. ಆದರೆ ಆ ಬಾಗಿಲು, ಕಿಟಕಿಯ ಪಕ್ಕ ಕಟ್ಟಲು ಬ್ಲಾಕು ಕತ್ತರಿಸಿ ತೂಗುಗುಂಡು ಹಿಡಿದು ಕೂರಿಸುವುದಕ್ಕೆ ಬರೀ ಗೋಡೆಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಚದರದ ಲೆಕ್ಕದಲ್ಲಿ ಮನೆ ಕಟ್ಟಿದವರಿಗೆ ಈ ಕಳೆಯುವಿಕೆ ಗೊತ್ತೇ ಇರುವುದಿಲ್ಲ, ಏಕೆಂದರೆ ಅಲ್ಲಿ ಅಳೆಯುವುದು ಮನೆಯ ವಿಸ್ತೀರ್ಣವನ್ನು, ಗೋಡೆಯನ್ನಲ್ಲ. ದರ ಒಪ್ಪುವ ಮೊದಲು ಯಾವುದನ್ನು ಕಳೆಯುತ್ತೀರಿ, ಬ್ಲಾಕು ಮಹಡಿಗೆ ಏರಿಸುವ ಕೂಲಿ ಯಾರದು, ಅಟ್ಟಣಿಗೆ ಕಟ್ಟುವವರು ಯಾರು ಎಂಬ ಮೂರನ್ನು ಕೇಳಿ ಬರೆಸಿಕೊಂಡರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಇಷ್ಟೆಲ್ಲ ಕೈಗೆ, ಕಣ್ಣಿಗೆ ಸಂಬಂಧಿಸಿದ್ದು. ಬುದ್ಧಿವಂತ ಮೇಸ್ತ್ರಿ ಒಂದೆರಡು ತಿಂಗಳಲ್ಲಿ ಕಲಿತುಬಿಡುತ್ತಾರೆ. ಕಲಿತರೂ ಹಿಡಿತಕ್ಕೆ ಸಿಗದ ಸಂಗತಿ ಬೇರೆ ಇದೆ. ಮನೆ ಕೆಲಸದಲ್ಲಿ ದುಡ್ಡು ಕೊಡುವವರು ಯಾರು ಎನ್ನುವುದು ಗೊತ್ತಿರುತ್ತದೆ. ಬಾಕಿ ಉಳಿದರೂ ಅವರ ಮನೆ ಬಾಗಿಲಿಗೆ ಹೋಗಿ ಕೂರಬಹುದು, ಊರಿನ ಹಿರಿಯರಿಂದ ಹೇಳಿಸಬಹುದು. ಸೈಟಿನಲ್ಲಿ ಜಾಗದ ಮಾಲೀಕ ಒಬ್ಬ, ಬಿಲ್ಡರ್ ಒಬ್ಬ, ಕಟ್ಟುವ ಕಂಪನಿ ಒಂದು, ಗೋಡೆ ಕೆಲಸದ ಗುತ್ತಿಗೆದಾರ ಇನ್ನೊಬ್ಬ, ಆತನ ಕೆಳಗೆ ಆಳು ತರುವ ಸಣ್ಣ ಗುತ್ತಿಗೆದಾರ, ಅವನ ಕೆಳಗೆ ಊರಿನಿಂದ ಕರೆದುಕೊಂಡು ಬಂದ ಮೇಸ್ತ್ರಿ. ಕರಣೆ ಹಿಡಿದವರಿಗೆ ಗೊತ್ತಿರುವುದು ಕೊನೆಯವನ ಮುಖ ಮಾತ್ರ. ಶನಿವಾರದ ಬಟವಾಡೆಯ ಜಾಗದಲ್ಲಿ ವಾರಕ್ಕೊಮ್ಮೆ ಖರ್ಚಿಗೆಂದು ಒಂದಿಷ್ಟು ಹಣ ಸಿಗುತ್ತದೆ, ಉಳಿದದ್ದು "ಬಿಲ್ಲಾದ ಮೇಲೆ". ಆ ಸಣ್ಣ ಗುತ್ತಿಗೆದಾರ ಒಂದು ದಿನ ಫೋನ್ ಎತ್ತುವುದು ನಿಲ್ಲಿಸಿದರೆ ತಿಂಗಳುಗಟ್ಟಲೆ ದುಡಿದ ಹಣ ಅವನ ಜೊತೆಗೇ ಹೋಯಿತೆಂದು ಅನೇಕರು ಕೈಚೆಲ್ಲುತ್ತಾರೆ.

ಹೋಗಿಲ್ಲ. ಇದನ್ನು ಗಟ್ಟಿಯಾಗಿ ಹೇಳಬೇಕು. 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯ ಕಾಲದಿಂದಲೂ ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಉದ್ಯೋಗದಾತ ಕೊಡಬೇಕು, ಕೊಟ್ಟದ್ದನ್ನು ಗುತ್ತಿಗೆದಾರನಿಂದ ಆಮೇಲೆ ವಸೂಲಿ ಮಾಡಿಕೊಳ್ಳಬೇಕು ಎಂಬ ನಿಯಮ ಇದೆ. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಇಂಥ ಹಳೆಯ ಕಾಯ್ದೆಗಳು ಅವುಗಳಲ್ಲಿ ಸೇರಿಹೋದವು. ಈ ಹೊಣೆ ಮಾತ್ರ ಅಲ್ಲೂ ಉಳಿದಿದೆ. ವಾರದ ಕೂಲಿ ವಾರದ ಕೊನೆಯ ಕೆಲಸದ ದಿನ, ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಖಿನೊಳಗೆ, ಕೆಲಸ ಬಿಟ್ಟರೆ ಅಥವಾ ಬಿಡಿಸಿದರೆ ಬಾಕಿಯೆಲ್ಲ ಎರಡು ಕೆಲಸದ ದಿನದೊಳಗೆ ಕೊಡಬೇಕು ಎಂದು ವೇತನ ಸಂಹಿತೆ ಹೇಳುತ್ತದೆ. ಹೆಚ್ಚುವರಿ ಗಂಟೆಗೆ ಇಮ್ಮಡಿ ದರ. ಕೆಲಸಕ್ಕೆ ತೆಗೆದುಕೊಂಡ ಪ್ರತಿಯೊಬ್ಬರಿಗೂ ನೇಮಕಾತಿ ಪತ್ರ ಕೊಡಬೇಕು ಎಂಬುದೂ ಈಗ ಕಾನೂನು.

ಇಷ್ಟೆಲ್ಲ ಹಕ್ಕು ಕೈಗೆ ಸಿಗುವುದು ಒಂದೇ ಒಂದು ಸಂಗತಿಯಿಂದ: ಆ ಸೈಟಿನ ಹಾಜರಿಯಲ್ಲಿ ಹೆಸರು ಇರಬೇಕು. ಗೇಟ್ ಪಾಸು ಇನ್ನೊಬ್ಬರ ಹೆಸರಿನಲ್ಲಿದ್ದರೆ, ಬೆರಳಚ್ಚಿನ ಹಾಜರಿ ಹಾಕದೆ ಹಿಂಬಾಗಿಲಿನಿಂದ ಒಳಗೆ ಕಳಿಸಿದರೆ, ಅಣ್ಣನ ಆಧಾರ್ ತೋರಿಸಿ ತಮ್ಮನನ್ನು ಕೆಲಸಕ್ಕೆ ಹಚ್ಚಿದರೆ, ಆಮೇಲೆ ಕಾರ್ಮಿಕ ಅಧಿಕಾರಿಯ ಮುಂದೆ ತಾನು ಅಲ್ಲಿ ದುಡಿದೆ ಎಂದು ತೋರಿಸಲು ಏನೂ ಉಳಿಯುವುದಿಲ್ಲ. ಮನೆ ಕೆಲಸದಿಂದ ಬಂದ ಮೇಸ್ತ್ರಿಗಳು ಸೋಲುವುದು ಇಲ್ಲಿ. ಮಾತಿನ ಮೇಲೆ ನಡೆದ ಬದುಕು ಅವರದು. ಕಾಗದ ಕೇಳುವುದೆಂದರೆ ನಂಬಿಕೆ ಇಲ್ಲ ಎಂದಂತೆ ಎಂಬ ಸಂಕೋಚ ಅವರನ್ನು ತಡೆಯುತ್ತದೆ. ಊರಿನಲ್ಲಿ ಆ ಸಂಕೋಚಕ್ಕೆ ಬೆಲೆ ಇತ್ತು. ಸೈಟಿನಲ್ಲಿ ಅದರಿಂದ ನಷ್ಟ ಆಗುವುದು ಸಂಕೋಚಪಟ್ಟವರಿಗೆ ಮಾತ್ರ.

ಕಾಗದದ ಬೆಲೆ ಎಷ್ಟೆಂದು ಕೊರೋನಾ ಕಾಲ ತೋರಿಸಿತು. 2020ರ ಲಾಕ್‌ಡೌನಿನಲ್ಲಿ ಕರ್ನಾಟಕ ಸರ್ಕಾರ ನೋಂದಾಯಿತ ಕಟ್ಟಡ ಕಾರ್ಮಿಕರಿಗೆ ಮೊದಲು 2,000, ಆಮೇಲೆ 3,000 ರೂಪಾಯಿ ಘೋಷಿಸಿತು. 2021ರ ಎರಡನೇ ಅಲೆಯಲ್ಲಿ ಮತ್ತೆ 3,000. ನೋಂದಣಿಯ ಕಾರ್ಡಿದ್ದವರ ಬ್ಯಾಂಕ್ ಖಾತೆಗೆ ಹಣ ಬಂತು. ಅದೇ ಕೆಲಸ ಮಾಡಿ ಕಾರ್ಡು ಮಾಡಿಸದವರಿಗೆ ಬರಲಿಲ್ಲ. 2020ರ ಮೇ ತಿಂಗಳಲ್ಲೇ ಬಿಲ್ಡರ್‌ಗಳ ಜೊತೆ ಸಭೆ ನಡೆದ ಬೆನ್ನಿಗೆ ವಲಸೆ ಕಾರ್ಮಿಕರ ವಿಶೇಷ ರೈಲುಗಳನ್ನು ಸರ್ಕಾರ ರದ್ದು ಮಾಡಿತು. ದೇಶದೆಲ್ಲೆಡೆ ಟೀಕೆ ಬಂದ ಮೇಲೆ ಎರಡು ಮೂರು ದಿನದಲ್ಲಿ ಮತ್ತೆ ಬಿಟ್ಟಿತು. ನಗರ ಕಟ್ಟುವವರು ನಗರಕ್ಕೆ ಎಷ್ಟು ಬೇಕಾದವರು ಎಂಬುದು ಅವರನ್ನು ತಡೆದು ನಿಲ್ಲಿಸುವಾಗ ಅಧಿಕಾರದಲ್ಲಿದ್ದವರಿಗೆ ಚೆನ್ನಾಗಿ ಗೊತ್ತಿತ್ತು. ಕೂಲಿ ಬಾಕಿ ಬಿದ್ದಾಗಲೂ ಅಷ್ಟೇ ಚೆನ್ನಾಗಿ ಗೊತ್ತಿರಬೇಕು ಎಂದು ಕೇಳುವುದರಲ್ಲಿ ಅತಿಯಾದದ್ದು ಏನೂ ಇಲ್ಲ.

ಆ ಕಾರ್ಡಿನ ಹಣ ಎಲ್ಲಿಂದ ಬರುತ್ತದೆ? 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಮತ್ತು ಅದರ ಜೊತೆಗೇ ಬಂದ ಸೆಸ್ ಕಾಯ್ದೆಯ ಕಾಲದಿಂದಲೂ ಕಟ್ಟಡದ ವೆಚ್ಚದ ಶೇಕಡಾ 1 ಸೆಸ್ ವಸೂಲಾಗಿ ಕಲ್ಯಾಣ ಮಂಡಳಿಗೆ ಹೋಗುತ್ತದೆ. ಕರ್ನಾಟಕದ ಮಂಡಳಿ 2007ರಲ್ಲಿ ಶುರುವಾಯಿತು. ಅದರ ಕಚೇರಿ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದ ಆವರಣದಲ್ಲಿದೆ. ದೇಶದಲ್ಲಿ ಹೀಗೆ ಕೂಡಿದ ಸಾವಿರಾರು ಕೋಟಿ ರೂಪಾಯಿ ಕಾರ್ಮಿಕರಿಗೆ ಖರ್ಚಾಗದೆ ಕೊಳೆಯುತ್ತಿರುವುದನ್ನು 2018ರ ಮಾರ್ಚ್ 19ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕಟುವಾಗಿ ಎತ್ತಿ ಹೇಳಿತು. ಈ ಕಾರ್ಡಿಗೆ ವಯಸ್ಸು 18ರಿಂದ 60ರೊಳಗಿರಬೇಕು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರಬೇಕು. ಮನೆ ಕೆಲಸದವರಿಗೆ ಈ 90 ದಿನದ ಪ್ರಮಾಣಪತ್ರವೇ ಕಗ್ಗಂಟು; ಸಹಿ ಮಾಡಿದರೆ ಎಲ್ಲಿ ತಮ್ಮ ಮೇಲೆ ತೆರಿಗೆ ಬೀಳುತ್ತದೋ ಎಂದು ಮನೆಯವರು ಹೆದರುತ್ತಾರೆ. ಹೊಸ ಸಂಹಿತೆಯಲ್ಲಿ ಸ್ವಂತ ವಾಸಕ್ಕೆ ಕಟ್ಟಿಕೊಳ್ಳುವ 50 ಲಕ್ಷ ರೂಪಾಯಿವರೆಗಿನ ಮನೆಗೆ ಸೆಸ್ ಇಲ್ಲ, ಹಿಂದೆ ಈ ಮಿತಿ 10 ಲಕ್ಷ ಇತ್ತು. ಹಾಗಾಗಿ ಸಣ್ಣ ಮನೆಯವರು ಹೆದರುವ ಕಾರಣ ಇಲ್ಲ. ಮತ್ತೊಂದು ಕಡೆ ಕರಣೆಯನ್ನೇ ಮುಟ್ಟದವರು ಕಾರ್ಡು ಮಾಡಿಸಿಕೊಂಡ ಪ್ರಕರಣಗಳು ಹೊರಬಿದ್ದು, ನಕಲಿ ಕಾರ್ಡುಗಳ ರದ್ದತಿ ನಡೆದಿದೆ. ಆ ಬಿಗಿಯಲ್ಲಿ ನಿಜವಾದ ಮೇಸ್ತ್ರಿಯೂ ದಾಖಲೆ ಹಿಡಿದು ಅಲೆಯುವಂತಾಗಿದೆ, ಇದು ಅನ್ಯಾಯ. ಸೈಟಿನ ಹಾಜರಿ ಇದ್ದವರಿಗೆ ಈ ಅಲೆದಾಟ ಎಷ್ಟೋ ಕಡಿಮೆ.

ದೊಡ್ಡ ಕಂಪನಿಯ ಸೈಟಾದರೆ ಪಿಎಫ್ ಮತ್ತು ಇಎಸ್‌ಐ ಕೂಡ ಇರುತ್ತದೆ. ಕೂಲಿಯಲ್ಲಿ ಶೇಕಡಾ 12 ಹಿಡಿಯುತ್ತಾರೆಂದು ಮೊದಲ ತಿಂಗಳು ಸಿಟ್ಟು ಬರುವುದು ಸಹಜ. ಅಷ್ಟೇ ಪಾಲು ಉದ್ಯೋಗದಾತನೂ ಹಾಕಬೇಕು ಎಂದು ಯಾರಾದರೂ ಬಿಡಿಸಿ ಹೇಳಬೇಕು. ಸೈಟು ಬದಲಾದಾಗಲೆಲ್ಲ ಹೊಸ ಯುಎಎನ್ ನಂಬರು ಮಾಡಿಸಿಕೊಂಡರೆ ಹಣ ನಾಲ್ಕು ಕಡೆ ಹಂಚಿಹೋಗುತ್ತದೆ, ಆಧಾರ್‌ನಲ್ಲಿ ಒಂದು ಹೆಸರು, ಪಾಸ್‌ಬುಕ್ಕಿನಲ್ಲಿ ಇನ್ನೊಂದು ಇದ್ದರೆ ಬಿಡಿಸುವುದು ಕಷ್ಟ. ಹಳೆಯ ನಂಬರನ್ನೇ ಕೊಡಬೇಕು. ಇಎಸ್‌ಐ ಸೌಲಭ್ಯ 2015ರ ಆಗಸ್ಟಿನಿಂದ ಕಟ್ಟಡ ಸೈಟಿನ ಕೆಲಸಗಾರರಿಗೂ ಬಂದಿದೆ, ತಿಂಗಳ ಕೂಲಿ 21,000 ರೂಪಾಯಿ ಮೀರಬಾರದು.

ಸೈಟಿಗೆ ಬಂದ ಮೊದಲ ದಿನ ಕೆಲಸ ಇರುವುದಿಲ್ಲ. ಹೆಲ್ಮೆಟ್, ಬೂಟು, ಮಿನುಗುವ ಜಾಕೆಟ್ ಕೊಟ್ಟು ಸುರಕ್ಷತೆಯ ಪಾಠ ಹೇಳುತ್ತಾರೆ. ಎತ್ತರದಲ್ಲಿ ಕೆಲಸ ಮಾಡುವವರಿಗೆ ತಲೆಸುತ್ತು ಬರುತ್ತದೆಯೇ ಎಂದು ಪರೀಕ್ಷೆ ಮಾಡುತ್ತಾರೆ. ಸರ್ವೆ ಕೋಲಿನ ಅಟ್ಟಣಿಗೆ ಮೇಲೆ ಬರಿಗಾಲಿನಲ್ಲಿ ನಿಂತು ಎರಡಂತಸ್ತು ಕಟ್ಟಿದವರಿಗೆ ಇದೆಲ್ಲ ಕಾಲಹರಣ ಎನ್ನಿಸುತ್ತದೆ. ಬೆಲ್ಟು ಹಾಕಿಕೊಂಡರೆ ಕೈ ಆಡುವುದಿಲ್ಲ ಎನ್ನುವವರು ಬಹಳ ಮಂದಿ. ಪಾಠವೆಲ್ಲ ಹಿಂದಿಯಲ್ಲಿ ನಡೆಯುವುದು ಇನ್ನೊಂದು ತೊಡಕು. ಬಿಹಾರ, ಒಡಿಶಾ, ಬಂಗಾಳದವರು ಹೆಚ್ಚಿರುವ ಕಡೆ ಕನ್ನಡದಲ್ಲಿ ಹೇಳುವವರೇ ಇರುವುದಿಲ್ಲ. ಕರ್ನಾಟಕದ ನೆಲದಲ್ಲಿ ಕನ್ನಡದ ಕೆಲಸಗಾರನಿಗೆ ಜೀವ ಉಳಿಸಿಕೊಳ್ಳುವ ಸೂಚನೆಯನ್ನು ಕನ್ನಡದಲ್ಲಿ ಕೊಡಿ ಎಂದು ಕೇಳುವ ಹಕ್ಕಿದೆ, ಸೇಫ್ಟಿ ಆಫೀಸರ್ ಅದನ್ನು ಏರ್ಪಡಿಸಬೇಕು.

ಹಾಗೆಂದು ಎಲ್ಲ ಸೈಟುಗಳಲ್ಲೂ ಇಷ್ಟು ಎಚ್ಚರ ಇರುತ್ತದೆ ಎನ್ನುವಂತಿಲ್ಲ. 2019ರ ಮಾರ್ಚಿನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಮಂದಿ ಸತ್ತರು. 2024ರ ಅಕ್ಟೋಬರ್ 22ರಂದು ಮಳೆಯ ನಡುವೆ ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಅನುಮತಿ ಮೀರಿ ಎಬ್ಬಿಸಿದ್ದ ಕಟ್ಟಡ ಬಿದ್ದು 9 ಕಾರ್ಮಿಕರು ಜೀವ ಕಳೆದುಕೊಂಡರು. ಸೇಫ್ಟಿ ಆಫೀಸರ್, ಇಂಜಿನಿಯರ್, ನಕ್ಷೆ ಎಲ್ಲ ಇರುವ ದೊಡ್ಡ ಸೈಟಿಗೂ ಅನುಮತಿ ಮೀರಿ ಅಂತಸ್ತು ಏರಿಸುವ ಇಂಥ ಕಡೆಗೂ ತುಂಬ ಅಂತರವಿದೆ. ಎರಡನ್ನೂ 'ಸೈಟು' ಎಂದೇ ಕರೆಯುತ್ತಾರೆ. ಎಲ್ಲಿಗೆ ಹೋಗುತ್ತಿದ್ದೇವೆ ಎಂದು ಬಸ್ಸು ಹತ್ತುವ ಮೊದಲೇ ವಿಚಾರಿಸಿಕೊಳ್ಳಬೇಕಾದದ್ದು ಇದಕ್ಕೇ.

ಊರಿನಲ್ಲಿ ಸಂಜೆ ಸ್ವಂತ ಮನೆಗೆ ಬರುತ್ತಿದ್ದವರಿಗೆ ಇಲ್ಲಿ ತಗಡಿನ ಶೆಡ್ಡು. ತಾತ್ಕಾಲಿಕ ವಸತಿಯನ್ನು ಬಾಡಿಗೆಯಿಲ್ಲದೆ, ಅಡುಗೆ, ಸ್ನಾನ, ಶೌಚಕ್ಕೆ ಬೇರೆ ಬೇರೆ ಜಾಗದ ಜೊತೆ ಒದಗಿಸಬೇಕು ಎಂದು 1996ರ ಕಾಯ್ದೆ ಬರೆದಿತ್ತು. ಅದನ್ನು ಮನಸ್ಸಿಟ್ಟು ಮಾಡಿದ ಕಂಪನಿಗಳ ಕಾಲೊನಿಗಳಲ್ಲಿ ನೀರು, ಬೆಳಕು, ಕೂಸಿನ ಮನೆ ಇವೆ. ಮಾಡದ ಕಡೆ ಮೇ ತಿಂಗಳ ಬಿಸಿಲಿನಲ್ಲಿ ಆ ತಗಡಿನ ಕೆಳಗೆ ಮಕ್ಕಳು ಮಲಗುವುದನ್ನು ನೋಡಿದವರಿಗೆ ಅದನ್ನು ವಸತಿ ಎನ್ನಲು ಬಾಯಿ ಬರುವುದಿಲ್ಲ.

ಹೆಂಗಸರ ವಿಷಯದಲ್ಲಿ ಸೈಟು ಒಂದು ಬದಲಾವಣೆ ತಂದಿದೆ, ಅದನ್ನು ಗಮನಿಸಿದವರು ಕಡಿಮೆ. ಮನೆ ಕೆಲಸದಲ್ಲಿ ಗಂಡ ಗೋಡೆ ಕಟ್ಟಿದರೆ ಹೆಂಡತಿ ಗಾರೆ ಕಲಸಿ ಬಾಂಡ್ಲಿ ಹೊರುತ್ತಾಳೆ. ಜೋಡಿ ಕೂಲಿ ಎಂದು ಇಬ್ಬರದೂ ಗಂಡನ ಕೈಗೆ ಹೋಗುತ್ತದೆ. ಬೆರಳಚ್ಚಿನ ಹಾಜರಿ, ಬ್ಯಾಂಕ್ ಖಾತೆ ಇರುವ ಸೈಟಿನಲ್ಲಿ ಆಕೆಯ ದುಡಿಮೆ ಆಕೆಯ ಹೆಸರಿನಲ್ಲೇ ದಾಖಲಾಗುತ್ತದೆ. ಆದರೆ ಅಲ್ಲೂ ಆಕೆ ಹೆಲ್ಪರ್ ಆಗಿಯೇ ಉಳಿಯುತ್ತಾಳೆ. ವರ್ಷಗಟ್ಟಲೆ ಗಂಡನ ಪಕ್ಕದಲ್ಲಿ ನಿಂತು ದಾರ ಹಿಡಿದ, ಗುಂಡು ನೋಡಿದ ಹೆಣ್ಣುಮಗಳ ಕೈಗೆ ಕರಣೆ ಕೊಡುವ ಗುತ್ತಿಗೆದಾರ ಸಿಗುವುದಿಲ್ಲ. ಜಾರ್ಖಂಡಿನಲ್ಲಿ ಸ್ವಚ್ಛ ಭಾರತದ ಶೌಚಾಲಯ ಕಟ್ಟಲು ಗಾರೆ ಕೆಲಸ ಕಲಿತ ಹೆಂಗಸರನ್ನು 'ರಾಣಿ ಮಿಸ್ತ್ರಿ' ಎಂದು ಊರವರು ಕರೆದರು. ನಮ್ಮ ಕಡೆಯೂ ಅದು ಆಗದಿರಲು ಕಾರಣ ಯಾವುದೂ ಇಲ್ಲ.

ಇನ್ನು ಮುಂದಿನ ಮಾತು. ಹೊಸ ಅಪಾರ್ಟ್‌ಮೆಂಟುಗಳಲ್ಲಿ ಗೋಡೆಯನ್ನು ಕಟ್ಟುವುದೇ ಕಡಿಮೆಯಾಗುತ್ತಿದೆ. ಮಿವಾನ್ ಎಂದೇ ಕರೆಯುವ ಅಲ್ಯೂಮಿನಿಯಂ ಶಟರಿಂಗ್ ನಿಲ್ಲಿಸಿ ಗೋಡೆ, ತಾರಸಿ ಎರಡನ್ನೂ ಒಟ್ಟಿಗೇ ಕಾಂಕ್ರೀಟಿನಲ್ಲಿ ಎರೆದುಬಿಡುತ್ತಾರೆ. ಅಂಥ ಟವರಿನಲ್ಲಿ ಶಟರಿಂಗ್‌ನವರು, ಕಬ್ಬಿಣ ಕಟ್ಟುವವರು, ಟೈಲ್ಸ್‌ನವರು ಸಾಲುಗಟ್ಟಿರುತ್ತಾರೆ. ಗೋಡೆ ಮೇಸ್ತ್ರಿಗೆ ಸಿಗುವುದು ಅಲ್ಲೊಂದು ಇಲ್ಲೊಂದು ತುಂಡು. 2024ರ ಜನವರಿಯಲ್ಲಿ ರೋಹ್ಟಕ್ ಮತ್ತು ಲಖನೌದಲ್ಲಿ ಇಸ್ರೇಲಿಗೆ ಕಟ್ಟಡ ಕೆಲಸಗಾರರನ್ನು ಆರಿಸಿದಾಗ ಕೇಳಿದ ಕಸುಬುಗಳು ನಾಲ್ಕು: ಶಟರಿಂಗ್ ಬಡಗಿ ಕೆಲಸ, ಕಬ್ಬಿಣ ಬಗ್ಗಿಸುವುದು, ಟೈಲ್ಸ್, ಪ್ಲಾಸ್ಟರಿಂಗ್. ಗೋಡೆ ಕಟ್ಟುವ ಕೆಲಸ ಆ ಪಟ್ಟಿಯಲ್ಲಿ ಇರಲಿಲ್ಲ. ಮನೆ ಕೆಲಸದ ಮೇಸ್ತ್ರಿಗೆ ಇಲ್ಲಿ ಒಂದು ಅನುಕೂಲ ಇದೆ, ಅದನ್ನು ಅವರೇ ಗುರುತಿಸುವುದಿಲ್ಲ: ಅವರಿಗೆ ಪಾಯದಿಂದ ಹಿಡಿದು ಟೈಲ್ಸ್‌ವರೆಗೆ ಎಲ್ಲ ಗೊತ್ತು. ಪ್ಲಾಸ್ಟರಿನಲ್ಲೋ ಟೈಲ್ಸಿನಲ್ಲೋ ಕೈ ಹದಗೊಳಿಸಿಕೊಂಡರೆ ಸೈಟಿನಲ್ಲಿ ಬೇಡಿಕೆ ಕಡಿಮೆಯಾಗುವುದಿಲ್ಲ.

ಅಷ್ಟೆಲ್ಲ ಗೊತ್ತಿದ್ದವರನ್ನೂ ಪ್ರಮಾಣಪತ್ರ ಇಲ್ಲವೆಂದು ಅರೆಕುಶಲ ದರಕ್ಕೆ ತೆಗೆದುಕೊಳ್ಳುವುದು ಸೈಟುಗಳಲ್ಲಿ ಮಾಮೂಲು. ಮೊದಲೇ ಬಲ್ಲ ಕಸುಬನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಕೇಂದ್ರದ ಕೌಶಲ ಯೋಜನೆಯಲ್ಲಿ 2015ರಿಂದ ಇದೆ. ಗ್ರಾಮೀಣ ಆವಾಸ್ ಯೋಜನೆಯ ಮನೆಗಳನ್ನೇ ಕಟ್ಟುತ್ತಾ 45 ದಿನ ಗಾರೆ ಕೆಲಸ ಕಲಿಯುವ ತರಬೇತಿಯೂ ಇದೆ. ಊರು ಬಿಡುವ ಮೊದಲೇ ತಾಲ್ಲೂಕು ಪಂಚಾಯಿತಿಯಲ್ಲಿ ವಿಚಾರಿಸಿ ಇದನ್ನು ಮಾಡಿಸಿಕೊಂಡರೆ ಸೈಟಿನ ಗೇಟಿನಲ್ಲಿ ಚೌಕಾಸಿ ಮಾಡಲು ಒಂದು ಆಧಾರ ಸಿಗುತ್ತದೆ.

ಹೀಗೆ ಬಂದವರಲ್ಲಿ ಅನೇಕರು ಸೈಟಿನಲ್ಲೇ ಉಳಿಯುವುದಿಲ್ಲ. ಯುಗಾದಿಗೆ, ಮೊಹರಂಗೆ, ಮುಂಗಾರಿನ ಬಿತ್ತನೆಗೆ ಊರಿಗೆ ಹೋಗುತ್ತಾರೆ. ಹೋದವರಿಗೆ ಊರಿನಲ್ಲಿ ಮತ್ತೆ ಮನೆ ಕೆಲಸ ಸಿಗುತ್ತದೆ. ಸೈಟಿನಲ್ಲಿ ಕಲಿತದ್ದನ್ನು ಅವರು ಅಲ್ಲಿ ಬಳಸತೊಡಗಿದ್ದಾರೆ: ಕಂಬ ಸೇರುವ ಕಡೆ ಬಲೆ ಬಡಿಯುವುದು, ಕಂಬಗಳ ಮೇಲೆ ಒಂದು ಮೀಟರಿನ ಗುರುತು ಹಾಕಿಕೊಳ್ಳುವುದು, ಒಂದು ನೋಟ್ ಪುಸ್ತಕದಲ್ಲಿ ಪ್ರತಿ ಗೋಡೆಯ ಅಳತೆ ಬರೆದು ಮನೆಯವರ ಸಹಿ ಪಡೆಯುವುದು. ಪಾಯಕ್ಕೆ ಇಷ್ಟು, ಲಿಂಟಲ್‌ವರೆಗೆ ಇಷ್ಟು, ಮೌಲ್ಡಿಂಗಿಗೆ ಇಷ್ಟು ಎಂದು ಹಂತ ಹಂತವಾಗಿ ಹಣ ಕೇಳುವ ಮೇಸ್ತ್ರಿಗೆ ಗೃಹಪ್ರವೇಶದ ಹೊತ್ತಿಗೆ ಬಾಕಿ ಉಳಿಯುವುದು ಪ್ಲಾಸ್ಟರಿನ ಕೊನೆಯ ಕಂತು ಮಾತ್ರ.